ಉಂಗುರವಿಲ್ಲದ ಸ್ಪ್ಯಾನರ್

ಸ್ಪ್ಯಾನರಿನ ಬಾಲದಲ್ಲಿ ಉಂಗುರವಿರಲಿಲ್ಲ.

ಗೂರೋ ಅದನ್ನು ಹಲಗೆಯಿಂದ ತೆಗೆದು ತಿರುಗಿಸಿ ನೋಡಿದಳು. ಇನ್ನೊಂದು ಸಲ ತಿರುಗಿಸಿದಳು. ಹೆಲಿಕಾಪ್ಟರ್ ಪ್ರಯಾಣಕ್ಕೆಂದು ತೊಡುವ ದಪ್ಪ ರಬ್ಬರಿನ ಉಡುಪನ್ನು ಸೊಂಟದವರೆಗೆ ಏರಿಸಿಕೊಂಡು, ಅದರ ತೋಳುಗಳನ್ನು ಹೊಟ್ಟೆಯ ಮೇಲೆ ಗಂಟು ಹಾಕಿಕೊಂಡಿದ್ದಳು. ತನ್ನ ಜಾಗಕ್ಕೆ ಬರುವವನಿಗೆ ಕೈಗವಸು ಇಟ್ಟುಹೋಗೋಣವೆಂದು ಕಾರ್ಯಾಗಾರಕ್ಕೆ ಇಳಿದಿದ್ದಳು, ಅಷ್ಟೆ. ಎರಡು ನಿಮಿಷದ ಕೆಲಸ. ಎಂಟು ಗಂಟೆಗೆ ಈ ನಡುಸಮುದ್ರದ ತೈಲಬಾವಿಯ ಕಟ್ಟೆಯಿಂದ ದಡಕ್ಕೆ ಹೆಲಿಕಾಪ್ಟರ್. ಈಗ ಏಳು ಹತ್ತು.

ಎತ್ತರದ ಕೆಲಸಕ್ಕೆ ಒಯ್ಯುವ ಸಾಮಾನುಗಳ ಹಲಗೆ ಅದು. ಬಿಳಿ ಹಲಗೆಯ ಮೇಲೆ ಒಂದೊಂದು ಸಾಮಾನಿನ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದಿತ್ತು. ಸಾಮಾನು ಬಂದು ತನ್ನ ಜಾಗದಲ್ಲಿ ತೂಗಿಬಿದ್ದರೆ ಕೆಂಪು ಮುಚ್ಚಿಹೋಗುತ್ತದೆ. ಬಾರದಿದ್ದರೆ ಅಷ್ಟು ಕೆಂಪು ಕಣ್ಣಿಗೆ ಹೊಡೆಯುತ್ತದೆ. ಒಂದೇ ಒಂದು ಕೆಂಪು ಕಾಣುತ್ತಿದ್ದರೂ ಕ್ರೇನ್ ಅಲುಗುವಂತಿಲ್ಲ. ಆ ಹಲಗೆಯ ಪ್ರತಿ ಸಾಮಾನಿನ ಬಾಲಕ್ಕೂ ತೂತು ಕೊರೆದು ಉಕ್ಕಿನ ಉಂಗುರ ಸೇರಿಸಿದ್ದರು. ಉಂಗುರದಿಂದ ಸೊಂಟಪಟ್ಟಿಗೆ ಒಂದು ಹುರಿ. ಕೈಯಿಂದ ಜಾರಿದ್ದು ತೂಗಾಡಬೇಕೇ ಹೊರತು ಬೀಳಬಾರದು.

ಅವಳ ಕೈಯಲ್ಲಿದ್ದ ಸ್ಪ್ಯಾನರ್ ಅಳತೆಯಲ್ಲಿ ಅದೇ, ಹೊಳಪಿನಲ್ಲಿ ಅದೇ. ಉಂಗುರ ಮಾತ್ರ ಇಲ್ಲ, ತೂತೂ ಇಲ್ಲ. ಹಾಗಿದ್ದರೆ ಉಂಗುರವಿದ್ದದ್ದು ಎಲ್ಲಿ?

ಎಲ್ಲಿ ಎನ್ನುವುದು ತಲೆಗಿಂತ ಮೊದಲು ಕೈಗೆ ಗೊತ್ತಾಯಿತು. 

ನಿನ್ನೆ ಮಧ್ಯಾಹ್ನ ಕ್ರೇನಿನ ತೋಳಿನ ತುದಿಯಲ್ಲಿ ಅಂಗಾತ ಮಲಗಿ ರಾಟೆಗಳಿಗೆ ಗ್ರೀಸ್ ತುಂಬುತ್ತಿದ್ದಳು. ಕೊನೆಯ ಬೋಲ್ಟು ಆಚೆ ಬದಿಗಿತ್ತು. ಹುರಿ ಒಂದು ಗೇಣು ಸಾಲದಾಯಿತು. ಅರ್ಧ ನಿಮಿಷಕ್ಕೆ ತಾನೆ ಎಂದು ಕೊಂಡಿ ಬಿಚ್ಚಿ, ಸ್ಪ್ಯಾನರನ್ನು ಕಂಬಿಗಳ ನಡುವಿನಿಂದ ಎಡಗೈಯಿಂದ ಬಲಗೈಗೆ ದಾಟಿಸಿ, ಬೋಲ್ಟು ಬಿಗಿದು, ಪಕ್ಕದ ಉಕ್ಕಿನ ಪಟ್ಟಿಯ ಮೇಲೆ ಇಟ್ಟಿದ್ದಳು. ಸರಿಯಾಗಿ ಆಗ ರೇಡಿಯೋದಲ್ಲಿ ಆಸ್ಲಾಕನ ದನಿ: "ಗೂರೋ, ನಿನ್ನ ಹೆಸ್ರು ನಾಳೆ ಬೆಳಗ್ಗಿನ ಹೆಲಿಕಾಪ್ಟರಿಗೆ ಹಾಕಿದ್ದಾರೆ ಮಾರಾಯ್ತಿ! ಮಧ್ಯಾಹ್ನದ್ದಲ್ಲ, ಬೆಳಗ್ಗಿಂದು!" ಮಧ್ಯಾಹ್ನದ್ದು ಗಾಳಿಗೆ ರದ್ದಾಗುತ್ತದೆಂದು ಮೂರು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ನಲವತ್ತೇಳು ವರ್ಷದ ಹೆಂಗಸು ಆ ತೋಳಿನೊಳಗೆ ಮಗುವಿನಂತೆ ಕೇಕೆ ಹಾಕುತ್ತ ಅಂಬೆಗಾಲಿಟ್ಟು ಇಳಿದುಬಂದಿದ್ದಳು.

ಭಾನುವಾರ ಹನ್ನೊಂದು ಗಂಟೆಗೆ ಚರ್ಚಿನಲ್ಲಿ ಮಗಳ ದೃಢೀಕರಣ, ಬೆಳೆದ ಮಕ್ಕಳು ಊರಿನವರ ಮುಂದೆ ತಮ್ಮ ನಂಬಿಕೆಯನ್ನು ಒಪ್ಪಿಕೊಳ್ಳುವ ಸಂಸ್ಕಾರ. ಇಡುನ್‌ಗೆ ಹದಿನೈದು. ಅಜ್ಜಿ ಎರಡು ಚಳಿಗಾಲ ಕೂತು ಹೊಲಿದ ಕಸೂತಿಯ ಉಡುಪು, ಕೊರಳಿಗೆ ಬೆಳ್ಳಿಯ ಪದಕ. ಪದಕವನ್ನು ಉಡುಪಿಗೆ ತಾಯಿಯೇ ಸೂಜಿಯಿಂದ ಸಿಕ್ಕಿಸಬೇಕು. ಗೂರೋಳಿಗೆ ಸಿಕ್ಕಿಸಿದ್ದು ಅವಳ ತಾಯಿ, ಆ ತಾಯಿಗೆ ಅವಳ ತಾಯಿ. ಸಮುದ್ರದ ನಡುವೆ ಎರಡು ವಾರ, ಮನೆಯಲ್ಲಿ ನಾಲ್ಕು ವಾರ ಎಂಬ ಲೆಕ್ಕದ ಬದುಕಿನಲ್ಲಿ ಮಗಳ ಮೊದಲ ಹೆಜ್ಜೆ, ಮೊದಲು ಬಿದ್ದ ಹಲ್ಲು, ಮೂರು ಕ್ರಿಸ್‌ಮಸ್‌ಗಳು ಸಮುದ್ರದ ಪಾಲಾಗಿದ್ದವು. "ಇದೊಂದಕ್ಕೆ ಬಂದೇ ಬರ್ತೀನಿ" ಎಂದು ಮಾತು ಕೊಟ್ಟಿದ್ದಳು. ಇವತ್ತು ಶುಕ್ರವಾರ. ಶನಿವಾರ, ಭಾನುವಾರ ಹೆಲಿಕಾಪ್ಟರ್ ಇಲ್ಲ.

ಬಾಗಿಲು ತೆರೆದು ಆಸ್ಲಾಕ್ ಬಂದ. ಕೈಯಲ್ಲಿ ಕಾಫಿ. ಅರವತ್ತೊಂದರ ಮುದುಕ, ಮೊದಲು ಮೀನುಗಾರ. ಈಗ ಇಪ್ಪತ್ತೆರಡು ವರ್ಷದಿಂದ ಇಲ್ಲಿ. ಕ್ರೇನಿನ ಕೆಳಗೆ ನಿಂತು ರೇಡಿಯೋದಲ್ಲಿ ಅವಳಿಗೆ ದಾರಿ ಹೇಳುವವನು ಅವನು.

"ಎಂತ, ಇನ್ನೂ ಇಲ್ಲೇ ಇದ್ದೀಯಾ? ಹೆಲಿಕಾಪ್ಟರ್ ಕೆಳಗೆ ಬಂದು ಹಾರ್ನ್ ಹೊಡೀಬೇಕಾ ನಿಂಗೆ?"

"ಆಸ್ಲಾಕ್, ಇದು ಯಾರ್ದು?"

ಅವನು ಕಾಫಿಗೆ ಉಫ್ ಎಂದು ಊದಿ ನೋಡಿದ. "ಸ್ಪ್ಯಾನರ್."

"ಸ್ಪ್ಯಾನರ್ ಅಂತ ನಂಗೂ ಗೊತ್ತು. ಯಾರ್ದು?"

"ನಂದೇ. ನಿನ್ನೆ ಸಂಜೆ ಆ ಜಾಗ ಕೆಂಪಗೆ ಕಾಣ್ತಿತ್ತು. ನೀನು ಕಂಡ ಸಾಮಾನೆಲ್ಲ ಕಿಸೆಗೆ ಹಾಕಿಕೊಂಡು ತಿರುಗುವವಳಲ್ವಾ. ಬಟ್ಟೆ ಬದ್ಲಿಸುವಾಗ ಸಿಗ್ತದೆ ಅಂತ ಎಣಿಸಿದೆ. ಕೆಳಗೆ ಹಡಗು ಬೇರೆ ಕಾಯ್ತಾ ಉಂಟು. ನೀನಾದ್ರೆ ಕುಣೀತಾ ಇದ್ದಿ. ನಿನ್ನನ್ನು ಕರೆದು ಕಿಸೆ ತಡಕು ಅಂತ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ನನ್ನ ಪೆಟ್ಟಿಗೆಯದ್ದು ಒಂದು ತೆಗ್ದು ನೇತು ಹಾಕಿದೆ." ಅವನು ನಕ್ಕ. "ವಾಪಸ್ಸು ಕೊಡ್ಲಿಕ್ಕೆ ಬಂದಿಯಾ?"

"ನನ್ನ ಕಿಸೇಲಿಲ್ಲ ಅದು."

ಆಸ್ಲಾಕ್ ಊದುವುದನ್ನು ನಿಲ್ಲಿಸಿದ.

"ಮೇಲಿದೆ. ತೋಳಿನ ತುದೀಲಿ. ಹುರಿ ಬಿಚ್ಚಿ ಇಟ್ಟಿದ್ದೆ."

ಒಂದೊಂದನ್ನೂ ಮುಟ್ಟಿ ನೋಡಿ ಸಹಿ ಹಾಕಬೇಕೆಂಬುದು ಪದ್ಧತಿ. ನಿನ್ನೆ ಅವಳು ಬಾಗಿಲಲ್ಲೇ ನಿಂತು ಹಲಗೆಯ ಕಡೆ ಕಣ್ಣು ಹಾಯಿಸಿದ್ದಳು. ಕೆಂಪು ಕಾಣಲಿಲ್ಲ. 'ಎಲ್ಲ ಬಂದಿವೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿ, ಕ್ರೇನ್ ಹತ್ತಿ, ಹಡಗಿನಿಂದ ಸಾಮಾನು ಎತ್ತಿಸಿದ್ದಳು.

"ನಿನ್ನೆ ಸಂಜೆ ಎಷ್ಟು ಸಲ ಎತ್ತಿದ್ವಿ?" ಎಂದಳು.

"ಹದಿನಾಲ್ಕು."

"ಹದಿನಾಲ್ಕು ಸಲವೂ ತೋಳಿನ ಕೆಳಗೆ ಇದ್ದದ್ದು ನೀನು."

ಆಸ್ಲಾಕನ ಕೈ ತಾನಾಗಿಯೇ ಮೇಲೆ ಹೋಗಿ ಹೆಲ್ಮೆಟ್ ಮುಟ್ಟಿತು. ಅಷ್ಟು ಎತ್ತರದಿಂದ ಬೀಳುವ ಕಬ್ಬಿಣಕ್ಕೆ ಆ ಹೆಲ್ಮೆಟ್ ಮೊಟ್ಟೆಯ ಚಿಪ್ಪು. ಅದು ಇಬ್ಬರಿಗೂ ಗೊತ್ತಿದ್ದ ಸಂಗತಿ. ಅವನು ಕೈ ಇಳಿಸಿ, ಕಾಫಿ ಲೋಟವನ್ನು ಮೇಜಿನ ಮೇಲೆ ಬಹಳ ಜಾಗ್ರತೆಯಿಂದ ಇಟ್ಟ.

"ಸಮುದ್ರಕ್ಕೆ ಬಿದ್ದಿರ್ಲಿಕ್ಕೂ ಸಾಕು" ಎಂದ.

"ಇರಬಹುದು."

"ನೀನು ಹೋಗು ಗೂರೋ. ಹೆಲಿಕಾಪ್ಟರ್ ಹೋದ ಮೇಲೆ ನಾನೇ ವೀಬಕೆಗೆ ಹೇಳ್ತೇನೆ. ಜಾಗ ಮುಚ್ಚಿದ್ದು ನಾನು. ತಪ್ಪು ನಂದು ಸಹ. ಮಗು ಕಾಯ್ತಾ ಉಂಟು ಅಲ್ಲಿ."

ಅವಳು ಬಾಗಿಲ ಬಳಿ ಹೋದಳು. ಬಾಗಿಲಿನ ದುಂಡು ಗಾಜಿನಿಂದ ಹೊರಗೆ ನೋಡಿದಳು. ಮೇ ತಿಂಗಳ ಬೆಳಕು ಕಟ್ಟೆಯ ಮೇಲೆಲ್ಲ ಹರಡಿತ್ತು. ಕ್ರೇನಿನ ತೋಳು ತನ್ನ ಆಸರೆಯ ಮೇಲೆ ಉದ್ದಕ್ಕೆ ಒರಗಿ ಮಲಗಿತ್ತು. ಅದರ ನೇರ ಕೆಳಗೆ, ಮೂವತ್ತು ಮೀಟರ್ ಆಳದಲ್ಲಿ, ಹಳದಿ ಬಣ್ಣ ಬಳಿದ ದಾರಿ. ಮಲಗುವ ಮನೆಗಳಿಂದ ಜೀವರಕ್ಷಕ ದೋಣಿಗಳಿಗೆ ಹೋಗಲು ಇರುವುದು ಅದೊಂದೇ ದಾರಿ. ಅಡುಗೆಮನೆಯ ಹೆಂಗಸು ಬ್ರೆಡ್ಡಿನ ಗಾಡಿ ತಳ್ಳಿಕೊಂಡು ಹೋದಳು. ಅವಳ ಹಿಂದೆ ಬಂದ ಬಣ್ಣ ಬಳಿಯುವವನೊಬ್ಬ ತೋಳಿನ ಕೆಳಗೇ ನಿಂತ. ಬಗ್ಗಿದ. ಷೂ ಲೇಸು ಕಟ್ಟತೊಡಗಿದ.

ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಆ ಲೇಸು ಕಟ್ಟಿ ಮುಗಿಯುವವರೆಗೆ ಗೂರೋ ಉಸಿರಾಡಲಿಲ್ಲ. ಅವನು ಎದ್ದು ಕುತ್ತಿಗೆ ತುರಿಸಿಕೊಂಡು, ಸಿಳ್ಳೆ ಹಾಕುತ್ತ ನಡೆದುಹೋದ.

"ಆಗಲ್ಲ ಆಸ್ಲಾಕ್" ಎಂದಳು.

ಕಟ್ಟೆಯ ಮುಖ್ಯಸ್ಥೆ ವೀಬಕೆ ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಗೂರೋ ಹೇಳಿದ್ದನ್ನೂ ಬಾಗಿಲಲ್ಲಿ ನಿಂತು ಆಸ್ಲಾಕ್ ಸೇರಿಸಿದ್ದನ್ನೂ ಪೂರ್ತಿ ಕೇಳಿದಳು. ಬೈಯಲಿಲ್ಲ. ಮೈಕ್ ಎಳೆದುಕೊಂಡು ಮೂರು ವಾಕ್ಯ ಹೇಳಿದಳು. ಎರಡು ನಿಮಿಷದಲ್ಲಿ ಕಟ್ಟೆಯ ಮೇಲ್ಭಾಗದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಳದಿ ದಾರಿಯ ಎರಡು ಕೊನೆಗೂ ಕೆಂಪು ಬಿಳಿ ಸರಪಳಿ ಬಿತ್ತು. ಸಾಮಾನು ಹಡಗು ಅರ್ಧ ಮೈಲಿ ಹಿಂದೆ ಸರಿದು ನಿಂತಿತು.

"ಈಗ ಕೇಳು" ಎಂದಳು ವೀಬಕೆ. "ಹುಡುಕೋದಕ್ಕೆ ಮುಂಚೆ ಇಲ್ಲೊಂದು ಬೆಂಕಿ ಗಂಟೆ ಹೊಡೆದ್ರೆ ತೊಂಬತ್ತು ಜನ ಆ ದಾರೀಲೇ ಓಡಬೇಕು. ಅದಕ್ಕೇ ಬೇಗ ಸಿಗಬೇಕು. ಹನ್ನೊಂದರ ಮೇಲೆ ಗಾಳಿ ಏರತ್ತೆ, ಆಮೇಲೆ ಯಾರನ್ನೂ ಹತ್ತಿಸಲ್ಲ ನಾನು. ನಿನ್ನ ಜಾಗಕ್ಕೆ ಬರೋನು ಇದೇ ಹೆಲಿಕಾಪ್ಟರಲ್ಲಿ ಬರ್ತಾನೆ. ಬಂದು, ಕೇಳಿಸಿಕೊಂಡು, ಸಿದ್ಧವಾಗಿ ಹತ್ತೋ ಹೊತ್ತಿಗೆ ಹತ್ತೂವರೆ. ನೀನೇ ಹತ್ತಿದ್ರೆ ಎಂಟೂವರೆಗೆ ಶುರು." ಅವಳು ಗೂರೋಳ ಹೊಟ್ಟೆಯ ಮೇಲಿನ ರಬ್ಬರ್ ಗಂಟನ್ನು ನೋಡಿದಳು. "ಇರು ಅಂತ ನಾನು ಹೇಳಲ್ಲ. ಭಾನುವಾರ ಏನಿದೆ ಅಂತ ಇಡೀ ಕಟ್ಟೆಗೆ ಗೊತ್ತು."

"ನಾನ್ ಹತ್ತಲಾ?" ಎಂದ ಆಸ್ಲಾಕ್.

"ನೀನು ಹತ್ತಿದ್ರೆ ಆಮೇಲೆ ಸ್ಪ್ಯಾನರ್ ಬಿಟ್ಟು ನಿನ್ನನ್ನ ಹುಡುಕಬೇಕಾಗತ್ತೆ" ಎಂದಳು ಗೂರೋ. ಯಾರೂ ನಗಲಿಲ್ಲ. ಅವಳು ಹೊಟ್ಟೆಯ ಮೇಲಿನ ಗಂಟು ಬಿಚ್ಚತೊಡಗಿದಳು. ರಬ್ಬರು ಬಿಗಿದಿತ್ತು. ಹಲ್ಲು ಹಚ್ಚಿ ಎಳೆಯಬೇಕಾಯಿತು.

ಹೆಲಿಕಾಪ್ಟರ್ ಬಂದದ್ದು, ನಿಂತದ್ದು, ಹೋದದ್ದು ಅವಳಿಗೆ ಕ್ರೇನಿನ ಗಾಜಿನ ಕೋಣೆಯಿಂದ ಕಂಡಿತು. ತೋಳಿನ ಮೇಲೆ ರೆಕ್ಕೆಗಾಳಿ ಬೀಸದಂತೆ ಉತ್ತರದಿಂದ ಇಳಿಯಲು ವೀಬಕೆ ಹೇಳಿದ್ದಳು. ಹತ್ತೊಂಬತ್ತು ಜನ ಇಳಿದರು, ಹದಿನೆಂಟು ಜನ ಹತ್ತಿದರು. ಅದು ಪೂರ್ವಕ್ಕೆ ತಿರುಗಿ ಬೊಮ್ಲೋ ದ್ವೀಪದ ದಿಕ್ಕಿನಲ್ಲಿ ನೊಣದಷ್ಟಾಗಿ, ಚುಕ್ಕೆಯಾಗಿ, ಬೆಳಕಿನಲ್ಲಿ ಕರಗಿತು. ಅವಳು ಸೊಂಟಪಟ್ಟಿ ಬಿಗಿದು, ಎರಡು ಕೊಂಡಿಗಳನ್ನು ಎಳೆದು ನೋಡಿ, ಬಾಗಿಲು ತೆರೆದಳು.

ತೋಳಿನೊಳಗಿನ ಕಾಲುದಾರಿ ಮೊಣಕೈ ಅಗಲದ ಜಾಲರಿ. ನಿಲ್ಲಲು ಜಾಗವಿಲ್ಲ; ಅಂಬೆಗಾಲಿಟ್ಟೇ ಹೋಗಬೇಕು. ಪ್ರತಿ ಎರಡು ಮೀಟರಿಗೆ ಒಂದು ಕೊಂಡಿ ಬಿಚ್ಚಿ ಮುಂದೆ ಸಿಕ್ಕಿಸಬೇಕು, ಆಮೇಲೆ ಹಿಂದಿನದು. ಜಾಲರಿಯ ಕಣ್ಣುಗಳಿಂದ ಕೆಳಗೆ ಕಟ್ಟೆ ಕಾಣುತ್ತಿತ್ತು, ಕಟ್ಟೆಯ ಅಂಚಿನಾಚೆ ಸಮುದ್ರ.

"ಮಾತಾಡ್ತಾ ಇರ್ತೇನೆ" ಎಂದಿತು ರೇಡಿಯೋದಲ್ಲಿ ಆಸ್ಲಾಕನ ದನಿ. ಅದು ಅವರಿಬ್ಬರ ಕೆಲಸದ ರೀತಿ. ಅವಳಿಗೆ ಕಾಣದ ಕಡೆ ಭಾರ ಇಳಿಸುವಾಗ ಅವನು ಇಳಿಸು, ಇಳಿಸು, ಇಳಿಸು ಎನ್ನುತ್ತಲೇ ಇರಬೇಕು. ಅವನ ದನಿ ನಿಂತರೆ ಅವಳ ಕೈ ನಿಲ್ಲಬೇಕು. "ನಿಲ್ಲಿಸು" ಎಂದು ಹೇಳಬೇಕಾಗಿಲ್ಲ, ಮೌನವೇ ಸಾಕು. ಹನ್ನೊಂದು ವರ್ಷ ಅವಳು ಆ ದನಿಯ ಮೇಲೆ ಹತ್ತಾರು ಟನ್ ಭಾರವನ್ನು ನಂಬಿಕೆಯಿಂದ ಇಳಿಸಿದ್ದಳು.

"ನಾಳೆ ಶನಿವಾರ. ಗಂಜಿ. ಅಡುಗೆಯವ್ನು ಮತ್ತೆ ತಳ ಹಿಡಿಸ್ತಾನೆ ನೋಡು. ದಾಲ್ಚಿನ್ನಿ ಸುರಿದ್ರೆ ನಮ್ಗೆ ಗೊತ್ತಾಗುದಿಲ್ಲ ಅಂತ ಎಣಿಸಿದ್ದಾನೆ. ಎಲ್ಲಿದ್ದೀಯಾ?"

"ನಾಲ್ಕನೇ ಸಂದು."

"ನನ್ನ ಹೆಂಡ್ತಿ ನೋಡು, ನಲವತ್ತು ವರ್ಷದಲ್ಲಿ ಒಂದ್ಸಲ ಗಂಜಿ ತಳ ಹಿಡಿಸ್ಲಿಲ್ಲ. ಹೇಳ್ಬೇಡ ಅವಳಿಗೆ, ತಲೆಗೇರ್ತದೆ..."

ತುದಿ ತಲುಪಿದಳು. ರಾಟೆಗಳು, ಅವಳೇ ತುಂಬಿದ ಗ್ರೀಸು, ಅವಳೇ ಬಿಗಿದ ಕೊನೆಯ ಬೋಲ್ಟು. ಪಕ್ಕದ ಉಕ್ಕಿನ ಪಟ್ಟಿಯ ಮೇಲೆ ಸ್ಪ್ಯಾನರ್ ಇಟ್ಟ ಗುರುತು ಕೂಡ ಇತ್ತು: ಗ್ರೀಸಿನಲ್ಲಿ ಅದರ ಅಚ್ಚು.

ಸ್ಪ್ಯಾನರ್ ಇರಲಿಲ್ಲ.

"ಇಲ್ಲ" ಎಂದಳು.

ಆಸ್ಲಾಕ್ ಕೂಡಲೇ ಮಾತು ಹಿಡಿದ. "ಆಯ್ತು. ನಿನ್ನೆ ತೋಳು ಎದ್ದಿದೆ, ಇಳಿದಿದೆ. ಎದ್ದಾಗ ತುದಿ ಮೇಲೆ, ಬುಡ ಕೆಳಗೆ. ಜಾರಿದ್ರೆ ಬುಡದ ಕಡೆಗೇ ಜಾರ್ಬೇಕು. ವಾಪಸ್ಸು ಬಾ. ಒಂದೊಂದೇ ಸಂದು ನೋಡ್ತಾ ಬಾ. ಅವಸರ ಇಲ್ಲ."

ಅವಳು ಹಿಮ್ಮುಖವಾಗಿ ಬರತೊಡಗಿದಳು. ಹೋಗುವಾಗ ಕಣ್ಣು ಕೊಂಡಿಗಳ ಮೇಲೆ, ತುದಿಯ ಮೇಲೆ ಇತ್ತೇ ಹೊರತು ಪಕ್ಕಕ್ಕೆ ನೋಡಿರಲಿಲ್ಲ. ಅಂಗೈ ಅಗಲದ ಆ ಉಕ್ಕಿನ ಪಟ್ಟಿ ಕಾಲುದಾರಿಯ ಪಕ್ಕದಲ್ಲೇ ಬುಡದವರೆಗೂ ಓಡುತ್ತದೆ, ಆದರೆ ಅಖಂಡವಾಗಿ ಅಲ್ಲ. ಪ್ರತಿ ಸಂದಿನಲ್ಲೂ ನಾಲ್ಕು ಬೆರಳು ಬಿಟ್ಟು ತುಂಡಾಗಿ, ಮತ್ತೆ ಶುರುವಾಗುತ್ತದೆ. ಮೊದಲ ಬಿರುಕಿನಲ್ಲೇ ಬಿದ್ದು ಹೋಗಿರಬೇಕು, ಎಂದುಕೊಂಡಳು. ಎರಡನೆಯದರಲ್ಲಿ ಟಾರ್ಚು ಹಾಕಿ ನೋಡಿದಳು. ಮೂರನೆಯದು. ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಸಣ್ಣ ಹೊಳೆಯುವ ಗೀರಿತ್ತು, ಹೊಸದು. ಅದು ಬಿರುಕಿನ ಅಂಚಿನವರೆಗೆ ಬಂದು, ಬಿರುಕಿನಾಚೆ ಮತ್ತೆ ಶುರುವಾಗಿತ್ತು. ಸ್ಪ್ಯಾನರ್ ಒಂದು ಗೇಣಿಗಿಂತ ಉದ್ದ. ನಾಲ್ಕು ಬೆರಳ ಬಿರುಕನ್ನು ಸೇತುವೆಯಂತೆ ದಾಟಿದೆ. ನಾಲ್ಕನೆಯದನ್ನೂ ದಾಟಿದೆ. ಐದನೆಯದನ್ನೂ. ಅವಳು ಆ ಗೀರನ್ನು ಹಿಂಬಾಲಿಸಿ ತೆವಳಿದಳು, ಯಾರದೋ ಹೆಜ್ಜೆಗುರುತು ಹಿಡಿದು ಹೋಗುವವಳ ಹಾಗೆ.

ಏಳನೆಯ ಸಂದಿನಲ್ಲಿ ಗೀರು ನಿಂತಿತ್ತು.

ಅಲ್ಲಿ ಪಟ್ಟಿ ಕೊಂಚ ಹೊರಕ್ಕೆ ಬಾಗಿದೆ. ನಿನ್ನೆ ಗ್ರೀಸಿನ ಡಬ್ಬಿ ಹೊತ್ತು ಹೋಗುವಾಗ ಅವಳ ಕೈಯಿಂದ ಒಂದು ಮುದ್ದೆ ಬಿದ್ದಿತ್ತು, ಹೆಬ್ಬೆರಳಿನಷ್ಟು. ಒರೆಸುವಷ್ಟು ವ್ಯವಧಾನ ಇರಲಿಲ್ಲ. ತಣ್ಣನೆ ಗಾಳಿಗೆ ಅದು ಬೆಣ್ಣೆಯಂತೆ ಗಟ್ಟಿಯಾಗಿತ್ತು. ಆ ಮುದ್ದೆಗೆ ಸ್ಪ್ಯಾನರಿನ ಬಾಯಿ ಅಂಟಿಕೊಂಡಿತ್ತು. ಉಳಿದದ್ದು, ಹಿಡಿಯ ಅರ್ಧಕ್ಕಿಂತ ಹೆಚ್ಚು ಭಾಗ, ಬಾಲದ ಉಂಗುರ ಸಮೇತ, ಬರಿ ಗಾಳಿಯಲ್ಲಿತ್ತು.

ಅದು ನಡುಗುತ್ತಿತ್ತು.

ಗಾಳಿಯ ಒಂದೊಂದು ಎಳೆಗೂ ಅದರ ಬಾಲ ಕೂದಲೆಳೆಯಷ್ಟು ಕೆಳಗಿಳಿದು ಮತ್ತೆ ಮೇಲೆ ಬರುತ್ತಿತ್ತು. ಅದರ ನೇರ ಕೆಳಗೆ ಜಾಲರಿ ಇರಲಿಲ್ಲ. ಏನೂ ಇರಲಿಲ್ಲ. ಮೂವತ್ತು ಮೀಟರ್ ಕೆಳಗೆ ಹಳದಿ ದಾರಿ, ದಾರಿಯ ಮೇಲೆ ಒಂದು ಉರುಟು ಕಲೆ. ಇಪ್ಪತ್ತೆರಡು ವರ್ಷದಿಂದ ಆಸ್ಲಾಕ್ ಪ್ರತಿ ಬೆಳಿಗ್ಗೆ ನಿಂತು ಕಾಫಿ ಮುಗಿಸುವ ಜಾಗ ಅದು. ಲೋಟದಲ್ಲಿ ಉಳಿದದ್ದನ್ನು ಅವನು ಅಲ್ಲೇ ಚೆಲ್ಲುತ್ತಾನೆ.

ಗೂರೋ ಅಲುಗಾಡಲಿಲ್ಲ. ನಿನ್ನೆಯ ಹದಿನಾಲ್ಕು ಸಲವೂ ಅವಳ ಕಣ್ಣ ಮುಂದೆ ಬಂದವು. ಹನ್ನೊಂದು ಟನ್ನಿನ ಪೆಟ್ಟಿಗೆ ಅಲೆಯ ಮೇಲಿನ ಹಡಗಿನಿಂದ ಎದ್ದಾಗ ತೋಳಿಡೀ ನರಳಿದ್ದು. ಒಮ್ಮೆ ಹಡಗು ತಟ್ಟನೆ ಕುಸಿದು ಹಗ್ಗ ಜಗ್ಗಿದಾಗ ಅವಳ ಹಲ್ಲುಗಳು ಕಟಕಟಿಸಿದ್ದು. ಇಷ್ಟು ದೊಡ್ಡ ಉಕ್ಕು ಅದುರಿತ್ತು. ಅದರ ಮೈಮೇಲೆ ಈ ಚೂರು, ಇಂಚು ಇಂಚಾಗಿ ಜಾರುತ್ತ, ಆರು ಬಿರುಕು ದಾಟಿ, ಅವಳು ಒರೆಸದೆ ಬಿಟ್ಟ ಒಂದು ಮುದ್ದೆ ಗ್ರೀಸಿಗೆ ಬಂದು ಅಂಟಿ ಕೂತಿತ್ತು. ಮುಂದಿನ ಏರಿಗೆ ಬೀಳುತ್ತಿತ್ತು. ಅಥವಾ ಬಿಸಿಲೇರಿ ಗ್ರೀಸು ಮೆತ್ತಗಾದಾಗ. ಕೆಳಗೆ, ಅವಳಿಗಿಂತ ಬಹಳ ಕೆಳಗೆ, ಕಡಲಹಕ್ಕಿಗಳು ಬೆನ್ನು ತೋರಿಸುತ್ತ ತೇಲುತ್ತಿದ್ದವು. ಅವುಗಳ ಕೆಳಗೆ ಸಮುದ್ರದ ಉದ್ದುದ್ದ ಮಡಿಕೆಗಳು ಪಶ್ಚಿಮದಿಂದ ಒಂದರ ಹಿಂದೆ ಒಂದು ಬಂದು, ಕಟ್ಟೆಯ ಕಾಲುಗಳ ನಡುವೆ ಸದ್ದಿಲ್ಲದೆ ಹಾದುಹೋಗುತ್ತಿದ್ದವು. ಹನ್ನೊಂದು ವರ್ಷದಲ್ಲಿ ಅವಳು ಇದನ್ನೆಲ್ಲ ಎಷ್ಟು ಸಲ ನೋಡಿದ್ದಳು. ಈಗ ಅಷ್ಟೂ ಆ ಸ್ಪ್ಯಾನರಿನ ತುದಿಯ ಮೇಲೆ ನಿಂತಿರುವ ಹಾಗೆ ಕಂಡಿತು.

"ಗೂರೋ? ಸುಮ್ನಾದೆ. ನಾನೂ ನಿಲ್ಲಿಸ್ಲಾ?"

"ಬೇಡ" ಎಂದಳು, ಜೋರಾಗಿ ಉಸಿರು ಬಿಟ್ಟರೆ ಅದು ಬಿದ್ದೀತೆಂಬಂತೆ. "ಸಿಕ್ತು. ಮಾತಾಡ್ತಾ ಇರು. ಮೆಲ್ಲಗೆ."

"ಸರಿ. ಮೆಲ್ಲಗೆ" ಎಂದ ಅವನು.  "ಮೆಲ್ಲಗೆ, ಮೆಲ್ಲಗೆ, ಮೆಲ್ಲಗೆ..."

ಅವಳು ಎದೆಯ ಮೇಲೆ ಮಲಗಿ, ಸೊಂಟದ ಹುರಿಯ ಕೊಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಕೈಯನ್ನು ಜಾಲರಿಯ ಹೊರಗೆ ಚಾಚಿದಳು. ಮೊದಲು ಕಟ್ಟಬೇಕು, ಆಮೇಲೆ ಮುಟ್ಟಬೇಕು. ಉಂಗುರ ನಡುಗುತ್ತಿತ್ತು. ಕೊಂಡಿಯ ಬಾಯಿ ಅದಕ್ಕೆ ಹೊಂದಲಿಲ್ಲ. ಅವಳು ಕಾದಳು. ಗಾಳಿಯ ಎರಡು ಎಳೆಗಳ ನಡುವೆ ಒಂದು ಬಿಡುವು ಬಂತು. ಕೊಂಡಿ ಉಂಗುರದೊಳಗೆ ಹೊಕ್ಕು 'ಟಕ್' ಎಂದಿತು. ಅಷ್ಟು ಸದ್ದಿಗೇ ಸ್ಪ್ಯಾನರ್ ಗ್ರೀಸಿನಿಂದ ಕಳಚಿ ಕೆಳಗೆ ಹೋಯಿತು. ಹೋಗಿ, ಹುರಿಯ ಕೊನೆಯಲ್ಲಿ ತಡೆದು, ತೂಗಾಡಿತು. ಒಂದು ಗೇಣಿನ ಬೀಳು, ಅಷ್ಟೆ. ಆದರೂ ಆ ಜಗ್ಗು ಅವಳ ಬೆನ್ನಮೂಳೆಯವರೆಗೂ ಬಂತು.

ಕೆಳಗಿಳಿದಾಗ ಒಂಬತ್ತೂ ಮುಕ್ಕಾಲು. ಆಸ್ಲಾಕ್ ಸ್ಪ್ಯಾನರನ್ನು ಅವಳ ಕೈಯಿಂದ ಇಸಕೊಂಡು ಅಂಗೈಯಲ್ಲಿ ಸ್ವಲ್ಪ ಹೊತ್ತು ತೂಗಿದ. "ಎಲ್ಲಿತ್ತು?" ಎಂದ. ಅವಳು ಮೇಲೆ ಬೆರಳು ತೋರಿಸಿ, ಆಮೇಲೆ ಅದೇ ಬೆರಳನ್ನು ನೇರವಾಗಿ ಕೆಳಗಿಳಿಸಿದಳು. ಅವನು ಕಾಫಿಯ ಕಲೆಯನ್ನು ನೋಡಿದ.  ಇಬ್ಬರೂ ಕಾರ್ಯಾಗಾರಕ್ಕೆ ಹೋದರು. ಅವಳು ಅದನ್ನು ಅದರ ಜಾಗದಲ್ಲಿ ನೇತು ಹಾಕಿದಳು. ಕೆಂಪು ಮುಚ್ಚಿತು. ಅವನು ಮುಂದೆ ಬಂದು ಹಲಗೆಯ ಮೂವತ್ತೊಂದು ಸಾಮಾನುಗಳನ್ನೂ ಒಂದೊಂದಾಗಿ ಮುಟ್ಟಿದ.

ಮಧ್ಯಾಹ್ನದ ಹೆಲಿಕಾಪ್ಟರಿನಲ್ಲಿ ಅವಳಿಗೊಂದು ಜಾಗ ಮಾಡಿಸಿದ್ದಳು ವೀಬಕೆ. ಗೂರೋ ಮತ್ತೆ ರಬ್ಬರಿನ ಉಡುಪು ತೊಟ್ಟು ಕಾಯುವ ಕೋಣೆಯಲ್ಲಿ ಕೂತಳು. ಒಂದು ಗಂಟೆಗೆ ಗಾಳಿ ಕಿಟಕಿಯ ಗಾಜಿಗೆ ಉಪ್ಪು ನೀರು ಎರಚಿತು. ಒಂದೂವರೆಗೆ ಗೋಡೆಯ ಪರದೆಯ ಮೇಲೆ ಅವಳ ಹೆಸರಿನ ಮುಂದೆ 'ರದ್ದು' ಎಂದು ಬಂತು.

ಇಂಗ್ವಾರ್ ಫೋನಿನಲ್ಲಿ ಎಲ್ಲವನ್ನೂ ಕೇಳಿ, "ಸರಿ ಗೂರೋ" ಎಂದ. ಹೆಚ್ಚು ಮಾತಾಡುವ ಗಂಡನಲ್ಲ ಅವನು. "ಅವಳಿಗೆ ನೀನೇ ಹೇಳು."

ಫೋನು ಇಡುನ್ ಕೈಗೆ ಹೋಯಿತು. ಗೂರೋ ಮತ್ತೆ ಮೊದಲಿನಿಂದ ಹೇಳಿದಳು. 

"ಯಾರ ಮೇಲಾದ್ರೂ ಬಿತ್ತಾ?"

"ಇಲ್ಲ."

"ಹಾಗಾದ್ರೆ ಏನೂ ಆಗ್ಲಿಲ್ಲ."

"ಏನೂ ಆಗ್ಲಿಲ್ಲ ಮಗಳೇ."

"ಏನೂ ಆಗ್ದೇ ಇದ್ದಿದ್ದಕ್ಕೆ ನೀನು ಬರ್ತಾ ಇಲ್ಲ."

ಗೂರೋ ಹಾಸಿಗೆಯ ಅಂಚಿನಲ್ಲಿ ಕೂತು ತನ್ನ ಉಗುರುಗಳ ಸಂದಿನ ಗ್ರೀಸನ್ನು ನೋಡಿದಳು. "ಹೌದು" ಎಂದಳು.

"ಪದಕ ಯಾರು ಹಾಕ್ತಾರೆ? ಅಪ್ಪಂಗೆ ಆ ಸೂಜಿ ಹಾಕೋಕ್ಕೇ ಬರಲ್ಲ. ಹೋದ್ಸಲ ಅಜ್ಜಿಗೆ ಚುಚ್ಚಿದ್ರು."

"ಅಜ್ಜಿಗೆ ಹೇಳು ಹಾಕೋಕ್ಕೆ."

"ಅಜ್ಜಿ ಕೈ ನಡುಗತ್ತೆ." ಮೂಗು ಎಳೆದುಕೊಂಡು, "ಎಷ್ಟು ತೂಕ ಇತ್ತು ಅದು?"

"ಏನು?"

"ಸ್ಪ್ಯಾನರ್."

ಗೂರೋ ಯೋಚಿಸಿದಳು. "ಒಂದು ದೊಡ್ಡ ಕಿತ್ತಳೆ ಹಣ್ಣಿನಷ್ಟು."

"ಅಷ್ಟೇನಾ? ಎಷ್ಟು ಎತ್ತರ?"

"ನಮ್ಮ ಚರ್ಚಿನ ಗೋಪುರ ಇದ್ಯಲ್ಲ. ಅಷ್ಟು."

ಇಡುನ್ ಫೋನ್ ಇಟ್ಟಳು. ಕೋಪದಿಂದ ಇಟ್ಟಳೋ ಸುಮ್ಮನೆ ಇಟ್ಟಳೋ ಗೊತ್ತಾಗಲಿಲ್ಲ.

ಶನಿವಾರದ ಗಂಜಿ ತಳ ಹಿಡಿದಿತ್ತು. ಆಸ್ಲಾಕ್ ಎರಡು ಬಟ್ಟಲು ತಿಂದ, ಬೈಯಲಿಲ್ಲ. ಭಾನುವಾರ ಗಾಳಿ ಇಳಿದು ಹಡಗು ಮತ್ತೆ ಹತ್ತಿರ ಬಂತು. ಹೊಸದಾಗಿ ಬಂದವನ ಪಾಳಿ ರಾತ್ರಿಗೆ ಹಾಕಿದ್ದರಿಂದ ಗೂರೋಳೇ ಕ್ರೇನ್ ಹತ್ತಿದಳು. ಮೊದಲು ಹಲಗೆಯ ಮುಂದೆ ನಿಂತು ಮೂವತ್ತೊಂದನ್ನೂ ಮುಟ್ಟಿದಳು. ಐದು ಪೆಟ್ಟಿಗೆ ಎತ್ತಿ ಇಳಿಸಿದರು. ಆರನೆಯದಕ್ಕೆ ಕೊಕ್ಕೆ ಇಳಿಯಬೇಕಿದ್ದಾಗ ರೇಡಿಯೋದಲ್ಲಿ ಆಸ್ಲಾಕನ ದನಿ ನಿಂತಿತು. ಅವಳ ಕೈಯೂ ನಿಂತಿತು. ಕೊಕ್ಕೆ ನೀರಿನ ಮೇಲೆ ಬರಿದಾಗಿ ತೂಗಿತು. ಗಾಜಿನಾಚೆ ಕೆಳಗೆ ನೋಡಿದರೆ ಅವನು ಹಳದಿ ದಾರಿಯ ಹೊರಗೆ, ತೋಳಿನಿಂದ ದೂರ, ಕೈ ಕಟ್ಟಿ ನಿಂತಿದ್ದ.

"ಎಂತಾಯ್ತು?" ಎಂದಳು ಅವನದೇ ಧಾಟಿಯಲ್ಲಿ.

"ಹನ್ನೊಂದು ಗಂಟೆ" ಎಂದ. "ಐದು ನಿಮಿಷ ಹಡಗಿನವ್ರು ಕಾಫಿ ಕುಡೀಲಿ."

ಅವಳು ಗಾಜಿನ ಕೋಣೆಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟು ಕೂತಳು. ಪೂರ್ವಕ್ಕೆ ಮುಖವಿತ್ತು. ಬೆಳಕು, ನೀರು, ಅದರಾಚೆ ಏನೂ ಕಾಣುತ್ತಿರಲಿಲ್ಲ. ಐದು ನಿಮಿಷ ಕಳೆದು ದನಿ ಮತ್ತೆ ಬಂತು: "ಸರಿ. ಇಳಿಸು. ಇಳಿಸು. ಇಳಿಸು."

ಫೋಟೋ ಬಂದದ್ದು ಮಧ್ಯಾಹ್ನ. ಕೆಲಸದ ಹೊತ್ತಿನಲ್ಲಿ ಫೋನು ಹೊರಗೆ ಒಯ್ಯುವಂತಿಲ್ಲ. ಅವಳು ನೋಡಿದ್ದು ಕೈ ತೊಳೆದು, ದೋಸೆಯಂಥ ಬಿಸಿ ವಾಫಲ್‌ಗಳ ತಟ್ಟೆಯ ಮುಂದೆ ಕೂತಮೇಲೆ. ಮಾತು ಒಂದೂ ಬರೆದಿರಲಿಲ್ಲ. ಚರ್ಚಿನ ಮೆಟ್ಟಿಲು. ಕಸೂತಿಯ ಉಡುಪು ಗಾಳಿಗೆ ಒಂದು ಕಡೆ ಎದ್ದಿದೆ. ಕೊರಳಿನ ಬೆಳ್ಳಿ ಪದಕ ಸೊಟ್ಟಗೆ ಕೂತಿದೆ. ಸುತ್ತ ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ, ಇಡುನ್ ನೋಡುತ್ತಿಲ್ಲ. ಅವಳ ಬಲಗೈ ಮುಂದಕ್ಕೆ ಚಾಚಿದೆ, ಅಂಗೈಯಲ್ಲಿ ಒಂದು ಕಿತ್ತಳೆ ಹಣ್ಣು. ತಲೆ ಹಿಂದಕ್ಕೆ ಬಾಗಿದೆ, ಬಾಯಿ ಕೊಂಚ ತೆರೆದಿದೆ. ಅವಳು ಮೇಲೆ ನೋಡುತ್ತಿದ್ದಾಳೆ, ಗೋಪುರದ ತುದಿಯನ್ನು.